ಘಾಟಿಯಲ್ಲಿ ಮಾತು ಬಿಟ್ಟ ಕಾರು

ಮಳೆಗಾಲ ಹಿಡಿಯುವ ಮುಂಚೆ ಒಂದು ಬೆಳಿಗ್ಗೆ ನಮ್ಮ ಹಳೆಯ ಗಿರಾಕಿಯೊಬ್ಬರು ಕಾರು ತಂದು ನಮ್ಮ ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಕೀ ನನ್ನ ಕೈಗೆ ಕೊಟ್ಟು, "ಅಲೈನ್‌ಮೆಂಟ್ ಒಂದು ನೋಡು ಮಾರಾಯ. ಸ್ಟೇರಿಂಗ್ ಸತ್ತ ಹಾಗಿದೆ" ಅಂದರು. ಕಾರು ಕೊಂಡು ಆಗ ಏಳು ತಿಂಗಳು. ಓಡಿದ್ದು 9,000 ಕಿಲೋಮೀಟರ್. ಮೆಷಿನ್ ಮೇಲೆ ಹತ್ತಿಸಿದೆ. ಕ್ಯಾಂಬರ್, ಕ್ಯಾಸ್ಟರ್, ಟೋ, ಅಂದರೆ ಚಕ್ರ ನಿಲ್ಲುವ ಕೋನಗಳು, ಎಲ್ಲವೂ ಕಂಪನಿ ಹೇಳಿದ ಅಳತೆಯ ಒಳಗೇ ಇದ್ದವು. ಟೈರಿನ ಗಾಳಿ ಸರಿ ಇತ್ತು. ಬಾಲ್ ಜಾಯಿಂಟು ಗಟ್ಟಿ ಇತ್ತು. ಕಾರಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ.

ಆದರೆ ಅವರು ಹೇಳಿದ್ದೂ ಸುಳ್ಳಲ್ಲ. ಒಂದು ರೌಂಡ್ ಓಡಿಸಿದ ಮೇಲೆ ನನಗೂ ಅದೇ ಅನ್ನಿಸಿತು. ಆ ದಿನದಿಂದ ಮುಂದಿನ ಒಂದು ವರ್ಷಕ್ಕೂ ಹೆಚ್ಚು ಕಾಲ ನಾವಿಬ್ಬರೂ ಸೇರಿ ಆ ಕಾರಿಗೆ ಏನೇನು ಮಾಡಿದೆವು, ಕೊನೆಗೆ ಏನಾಯಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಅವರು ಒಪ್ಪಿಗೆ ಕೊಟ್ಟಿದ್ದಾರೆ. ನಿಜವಾದ ಹೆಸರು, ಕಾರಿನ ಕಂಪನಿ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಅವರನ್ನು ಶ್ರೀಧರಣ್ಣ ಎಂದು ಕರೆಯುತ್ತೇನೆ, ಅದು ಅವರ ಹೆಸರಲ್ಲ.

ಹಿನ್ನೆಲೆ

ನಾನು ಶಿವಮೊಗ್ಗದಲ್ಲಿ 19 ವರ್ಷದಿಂದ ಅಲೈನ್‌ಮೆಂಟ್ ಮತ್ತು ಸಸ್ಪೆನ್ಶನ್ ಕೆಲಸ ಮಾಡುತ್ತಿದ್ದೇನೆ. ಶ್ರೀಧರಣ್ಣ ತೀರ್ಥಹಳ್ಳಿ ಕಡೆಯವರು. ವಯಸ್ಸು ಐವತ್ತರ ಹತ್ತಿರ. ಅಡಿಕೆ ತೋಟ ಇದೆ. ಮಂಡಿ ಕೆಲಸಕ್ಕೆ ಆಗಾಗ ಶಿವಮೊಗ್ಗಕ್ಕೆ ಬರುತ್ತಾರೆ. ಬಂದಾಗಲೆಲ್ಲ ನಮ್ಮಲ್ಲಿಗೆ ಒಂದು ಭೇಟಿ ಇದ್ದೇ ಇರುತ್ತದೆ.

ಅವರಿಗೆ ಗಾಡಿ ಓಡಿಸುವುದೆಂದರೆ ಪ್ರಾಣ. ತೋರಿಸಿಕೊಳ್ಳುವ ಚಟ ಅಲ್ಲ. ಹೈವೇಯಲ್ಲಿ ಅವರು ಯಾರಿಗೂ ಪೈಪೋಟಿ ಕೊಟ್ಟದ್ದನ್ನು ನಾನು ನೋಡಿಲ್ಲ. ಅವರ ಸಂತೋಷ ಬೇರೆ ಕಡೆ ಇತ್ತು. ಭಾನುವಾರ ನಸುಕಿನಲ್ಲಿ ಎದ್ದು, ಮೇಗರವಳ್ಳಿ ದಾಟಿ ಆಗುಂಬೆಗೆ ಹೋಗಿ, ಘಾಟಿಯ 14 ಹೇರ್‌ಪಿನ್ ತಿರುವು ಇಳಿದು, ಸೋಮೇಶ್ವರದಲ್ಲಿ ಒಂದು ಚಹಾ ಕುಡಿದು, ಅದೇ ತಿರುವುಗಳನ್ನು ಹತ್ತಿ ತಿಂಡಿ ಹೊತ್ತಿಗೆ ಮನೆಗೆ ಬರುವುದು. ಕೆಲಸ ಏನೂ ಇಲ್ಲ, ಸುಮ್ನೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ್‍ಯಾಲಿ ನಡೆದಾಗ ಬೆಳಗಾಗುವ ಮುಂಚೆ ಹೋಗಿ ತಿರುವಿನಲ್ಲಿ ನಿಂತು ನೋಡುತ್ತಿದ್ದವರು.

ಹನ್ನೆರಡು ವರ್ಷ ಅವರ ಬಳಿ ಒಂದು ಹ್ಯಾಚ್‌ಬ್ಯಾಕ್ ಇತ್ತು. ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಬಲ ಏರಿಸುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್, 100 ಅಶ್ವಶಕ್ತಿಯ ಆಸುಪಾಸು, ಐದು ಗೇರು, ಹೈಡ್ರಾಲಿಕ್ ಪವರ್ ಸ್ಟೇರಿಂಗ್, 15 ಇಂಚಿನ ರಿಮ್. ಆ ಕಾರಿನ ಕಾಲದಲ್ಲಿ ಭಾನುವಾರ ನನಗೆ ಒಂದು ಫೋನ್ ಖಾಯಂ. "ನಾಲ್ಕನೇ ತಿರುವಲ್ಲಿ ಜಲ್ಲಿ ಎದ್ದಿದೆ." "ಮೇಲಿನ ತಿರುವಲ್ಲಿ ಪಾಚಿ ಹಿಡಿದಿದೆ, ಕೈಗೆ ಗೊತ್ತಾಗ್ತದೆ." ನಾನು ಹೂಂ ಅನ್ನುತ್ತಿದ್ದೆ. ಈ ಫೋನಿನ ವಿಷಯ ಮುಂದೆ ಮತ್ತೆ ಬರುತ್ತದೆ.

ಕಾರು ಬದಲಿಸಲು ಕಾರಣಗಳು ಗಟ್ಟಿಯಾಗೇ ಇದ್ದವು. ಹಳೆಯದರಲ್ಲಿ ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲ, ಏರ್‌ಬ್ಯಾಗ್ ಇಲ್ಲ. ಮಗಳು ಕರಾವಳಿಯ ಕಾಲೇಜಿಗೆ ಸೇರಿದ್ದಳು, ಮಳೆಗಾಲದಲ್ಲೂ ಘಾಟಿ ಇಳಿದು ಹತ್ತಬೇಕು. ಬಾಡಿ ಪಾರ್ಟ್ಸು ಹುಡುಕುವುದು ಕಷ್ಟವಾಗಿತ್ತು. ಅತ್ತಿಗೆ ಒಂದೇ ಮಾತು ಹೇಳಿದ್ದರು: "ಏರ್‌ಬ್ಯಾಗ್ ಇಲ್ಲದ ಕಾರಲ್ಲಿ ಮಗಳನ್ನ ಕೂರಿಸಬೇಡಿ." ಆ ವರ್ಷ ರಾಶಿ ಅಡಿಕೆಗೆ ಒಳ್ಳೆ ದರವೂ ಸಿಕ್ಕಿತ್ತು.

ಮೊದಲ ತೀರ್ಮಾನ, ಮೊದಲ ತಪ್ಪು

ಅವರ ಲೆಕ್ಕ ಸರಳವಾಗಿತ್ತು. 100 ಅಶ್ವಶಕ್ತಿಯ ಕಾರು ಇಷ್ಟು ಸಂತೋಷ ಕೊಟ್ಟರೆ, 200 ದಾಟಿದ ಕಾರು ಎಷ್ಟು ಕೊಡಬಹುದು?

ಬೇಕಾಗಿದ್ದದ್ದು ಗೇರು ಕೈಯಲ್ಲಿ ಹಾಕುವ, ಶಕ್ತಿ ಇರುವ, ಚಿಕ್ಕ ಕಾರು. ನಮ್ಮ ದೇಶದಲ್ಲಿ ಅಂಥವು ಬಂದದ್ದೇ ಕಡಿಮೆ. 2015ರಲ್ಲಿ ಫಿಯೆಟ್ 145 ಅಶ್ವಶಕ್ತಿಯ ಅಬಾರ್ಥ್ ಪುಂಟೊ ತಂದಿತ್ತು, ಈಗ ಫಿಯೆಟ್ ಇಲ್ಲಿ ಕಾರು ಮಾರುವುದಿಲ್ಲ. ಹುಂಡೈ ಐ20 ಎನ್ ಲೈನ್‌ಗೆ ಸರಿಯಾದ ಕ್ಲಚ್ ಇರುವ ಆರು ಗೇರಿನ ಮ್ಯಾನುಯಲ್ ಬಂದದ್ದು 2023ರಲ್ಲಿ. 2024ರಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರ್ 120 ಅಶ್ವಶಕ್ತಿಯದು, ಮ್ಯಾನುಯಲ್. 200 ದಾಟಿದ ಇಂಥ ಕಾರುಗಳಿಗೆ ಹೋದರೆ ಕ್ಲಚ್ ಪೆಡಲ್ ಮಾಯ. 2025ರಲ್ಲಿ ಇಲ್ಲಿಗೆ ಬಂದ ಗಾಲ್ಫ್ ಜಿಟಿಐ ಮತ್ತು ಆಕ್ಟೇವಿಯಾ ಆರ್‌ಎಸ್ ಎರಡೂ ಆಟೊಮ್ಯಾಟಿಕ್‌ನಲ್ಲಿ ಮಾತ್ರ. (ಶ್ರೀಧರಣ್ಣ ಕೊಂಡದ್ದು ಇವೆರಡರಲ್ಲಿ ಒಂದಲ್ಲ.) ಮಜ್ದಾ ಎಂಎಕ್ಸ್-5, ಟೊಯೊಟಾ ಜಿಆರ್ ಯಾರಿಸ್, ಹೋಂಡಾ ಸಿವಿಕ್ ಟೈಪ್ ಆರ್, ಈ ಹೆಸರುಗಳನ್ನು ನಾವು ವೀಡಿಯೊಗಳಲ್ಲಿ ನೋಡಬೇಕು ಅಷ್ಟೇ. ನಮ್ಮ ಶೋರೂಮಿನಲ್ಲಿ ಸಿಗುವುದಿಲ್ಲ.

ಹಾಗಾಗಿ ಅವರು ಆರಿಸಿದ್ದು 200 ಅಶ್ವಶಕ್ತಿ ಮೀರಿದ ಒಂದು ಟರ್ಬೊ ಕಾರು. ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್. 18 ಇಂಚಿನ ರಿಮ್. ಎಲೆಕ್ಟ್ರಿಕ್ ಸ್ಟೇರಿಂಗ್. ಲೇನ್ ಬಿಟ್ಟರೆ ತಾನೇ ಸ್ಟೇರಿಂಗ್ ಎಳೆಯುವ ಕ್ಯಾಮೆರಾ ವ್ಯವಸ್ಥೆ. ಟೆಸ್ಟ್ ಡ್ರೈವ್‌ಗೆ ಬೆಂಗಳೂರಿಗೆ ಹೋದೆವು. ನಾನೂ ಜೊತೆಗಿದ್ದೆ. ಅಗಲವಾದ ನೇರ ರಸ್ತೆ, ಇಪ್ಪತ್ತು ನಿಮಿಷ. ಆಕ್ಸಿಲರೇಟರ್ ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುವ ಪಿಕಪ್. ಇಬ್ಬರಿಗೂ ಮಾತು ಹೊರಡಲಿಲ್ಲ. "ಹೇಗಿದೆ?" ಅಂತ ಅವರು ನನ್ನನ್ನು ಕೇಳಿದರು. "ತಗೊಳ್ಳಿ ಅಣ್ಣ" ಅಂದೆ.

ಅಲ್ಲಿ ನಾನು ತಪ್ಪಿದೆ. ಆ ಮನುಷ್ಯ ಕಾರು ಓಡಿಸುವುದು ಎಲ್ಲಿ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆ ಇಪ್ಪತ್ತು ನಿಮಿಷದಲ್ಲಿ ಒಂದು ಸರಿಯಾದ ತಿರುವೂ ಬಂದಿರಲಿಲ್ಲ. ನೇರ ರಸ್ತೆಯಲ್ಲಿ ಕಾರಿನ ಎಂಜಿನ್ ಗೊತ್ತಾಗುತ್ತದೆ, ಕಾರು ಗೊತ್ತಾಗುವುದಿಲ್ಲ. ಇದು ನನಗೆ ತಿಳಿಯದ ವಿಷಯವೇನಲ್ಲ. ಆದರೂ ಪಿಕಪ್ಪಿನ ಅಮಲಿನಲ್ಲಿ ಮರೆತೆ.

ತೊಂದರೆ ಏನಿತ್ತು

ಮೊದಲ ಭಾನುವಾರ ಆಗುಂಬೆ ಇಳಿದು ಹತ್ತಿ ಬಂದವರು ಫೋನ್ ಮಾಡಲಿಲ್ಲ. ಎರಡನೇ ಭಾನುವಾರವೂ ಇಲ್ಲ. ನಾನು ಅದನ್ನು ಗಮನಿಸಲೂ ಇಲ್ಲ. ಏಳು ತಿಂಗಳ ಮೇಲೆ ಗ್ಯಾರೇಜಿಗೆ ಬಂದಾಗ ಕೂತು ಮಾತಾಡಿದೆವು. ಅವರು ಹೇಳಿದ್ದನ್ನು ಬಿಡಿಸಿ ಬರೆಯುತ್ತೇನೆ, ಯಾಕೆಂದರೆ "ಮಜಾ ಬರ್ತಿಲ್ಲ" ಅನ್ನುವ ಒಂದು ಮಾತಿನ ಒಳಗೆ ನಾಲ್ಕೈದು ಬೇರೆ ಬೇರೆ ಸಂಗತಿಗಳಿದ್ದವು.

ಒಂದು, ಘಾಟಿಯಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಹಳೆ ಎಂಜಿನ್‌ಗೆ ಬಲ ಬರಲು ಅದನ್ನು ಎತ್ತರದ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಇಡಬೇಕಿತ್ತು. ತಿರುವಿಗೆ ಮುಂಚೆ ಮೂರರಿಂದ ಎರಡಕ್ಕೆ ಇಳಿಸಿ, ಎಂಜಿನ್ ಕೂಗಿಸಿ, ಹೊರಬರುವಾಗ ಮತ್ತೆ ಮೂರಕ್ಕೆ. ತಪ್ಪಿದರೆ ಕಾರು ಮುಗ್ಗರಿಸುತ್ತಿತ್ತು, ಸರಿ ಹೋದರೆ ಮನಸ್ಸು ಹಿಗ್ಗುತ್ತಿತ್ತು. ಹೊಸ ಟರ್ಬೊ ಎಂಜಿನ್ ಕೆಳಗಿನ ಆರ್‌ಪಿಎಂನಿಂದಲೇ ಪೂರ್ತಿ ಬಲ ಕೊಡುತ್ತದೆ. ಗೇರು ಅದೇ ಹಾಕಿಕೊಳ್ಳುತ್ತದೆ, ಅದೂ ಮನುಷ್ಯನಿಗಿಂತ ಬೇಗ, ತಪ್ಪಿಲ್ಲದೆ. ಹದಿನಾಲ್ಕು ತಿರುವು ಮುಗಿದರೂ ಎಡಗಾಲು, ಎಡಗೈ ಎರಡೂ ಸುಮ್ಮನೆ ಕೂತಿದ್ದವು.

ಎರಡು, ರಸ್ತೆ ಚಿಕ್ಕದು, ಕಾರು ದೊಡ್ಡದು. ಆಗುಂಬೆ ಘಾಟಿಯಲ್ಲಿ ಎದುರಿಗೆ ಮಿನಿ ಬಸ್ ಬಂದರೆ ಪಕ್ಕಕ್ಕೆ ಸರಿಯಬೇಕು. ಅಂಥಲ್ಲಿ 30, 40ರ ವೇಗವೇ ಹೆಚ್ಚು. ಹಳೆ ಕಾರು 40ರಲ್ಲೇ ಸ್ವಲ್ಪ ವಾಲಿ, ಟೈರು ಸ್ವಲ್ಪ ಕೀರಿ, "ಇಲ್ಲಿಗೆ ಸಾಕು" ಅಂತ ಹೇಳುತ್ತಿತ್ತು. ಹೊಸ ಕಾರಿಗೆ 40 ಅಂದರೆ ನಿದ್ದೆ. ಅದಕ್ಕೆ ಎಚ್ಚರವಾಗಬೇಕಾದರೆ 80 ಬೇಕು. ಆ ತಿರುವುಗಳಲ್ಲಿ 80 ಹೋಗುವವನು ಓಡಿಸುವುದನ್ನು ಪ್ರೀತಿಸುವವನಲ್ಲ, ಎದುರಿನವರ ಜೀವಕ್ಕೆ ಬೆಲೆ ಕೊಡದವನು.

ಮೂರು, ಸ್ಟೇರಿಂಗ್. ಹೈಡ್ರಾಲಿಕ್ ಸ್ಟೇರಿಂಗ್‌ನಲ್ಲಿ ಎಂಜಿನ್ ಬೆಲ್ಟಿನಿಂದ ತಿರುಗುವ ಪಂಪು ಎಣ್ಣೆಯನ್ನು ತಳ್ಳಿ ಸಹಾಯ ಮಾಡುತ್ತದೆ. ಚಕ್ರಕ್ಕೆ ಬಿದ್ದ ಏಟು ಅದರ ಮೂಲಕ ಒಂದಷ್ಟು ಕೈಗೂ ಬರುತ್ತದೆ. ಆದರೆ ಆ ಪಂಪು ಕಾರು ನೇರ ಹೋಗುವಾಗಲೂ ತಿರುಗುತ್ತಲೇ ಇರುತ್ತದೆ, ಪೆಟ್ರೋಲು ತಿನ್ನುತ್ತದೆ. ಎಲೆಕ್ಟ್ರಿಕ್ ಮೋಟರ್ ಬೇಕಾದಾಗ ಮಾತ್ರ ಕೆಲಸ ಮಾಡುತ್ತದೆ. ಮೈಲೇಜ್ ಉಳಿಯುತ್ತದೆ. ತಾನೇ ಪಾರ್ಕ್ ಮಾಡುವ, ಲೇನ್ ಹಿಡಿಯುವ ವ್ಯವಸ್ಥೆಗಳಿಗೂ ಮೋಟರೇ ಬೇಕು. ಹಾಗಾಗಿ ಬಹುತೇಕ ಎಲ್ಲ ಕಂಪನಿಗಳೂ ಆ ಕಡೆ ಹೋದವು. ಪೋರ್ಷೆ 911 ಕೂಡ 2011ರಲ್ಲಿ ಬಂದ ತಲೆಮಾರಿನಿಂದ ಎಲೆಕ್ಟ್ರಿಕ್ ಆಯಿತು. ಎಲ್ಲ ಎಲೆಕ್ಟ್ರಿಕ್ ಸ್ಟೇರಿಂಗೂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಚೆನ್ನಾಗಿ ಟ್ಯೂನ್ ಮಾಡಿದವು ಇವೆ. ಈ ಕಾರಿನದು ಹಗುರ, ಕರಾರುವಾಕ್ಕು, ಆದರೆ ಮೂಕ. ಪಾಚಿಯ ಮೇಲೂ ಒಣ ಟಾರಿನ ಮೇಲೂ ಕೈಗೆ ಒಂದೇ ರೀತಿ.

ನಾಲ್ಕು, ಲೇನ್ ಹಿಡಿಯುವ ವ್ಯವಸ್ಥೆ. ನಮ್ಮ ಕಡೆ ಹೊಂಡ ತಪ್ಪಿಸಲು ಬಿಳಿ ಗೆರೆ ದಾಟುವುದು ದಿನಕ್ಕೆ ನೂರು ಸಲ. ದಾಟಿದಾಗಲೆಲ್ಲ ಸ್ಟೇರಿಂಗ್ ವಾಪಸ್ ಎಳೆಯುತ್ತದೆ. "ಪಕ್ಕದಲ್ಲಿ ಯಾರೋ ಕೂತು ಕೈ ಜಗ್ಗಿದ ಹಾಗೆ" ಅಂದರು. ಬಂದ್ ಮಾಡಬಹುದು. ಆದರೆ ಕಾರು ಮತ್ತೆ ಸ್ಟಾರ್ಟ್ ಮಾಡಿದರೆ ಅದೂ ಮತ್ತೆ ಶುರು. ಯುರೋಪಿನಲ್ಲಿ 2024ರ ಜುಲೈನಿಂದ ಮಾರುವ ಎಲ್ಲ ಹೊಸ ಕಾರುಗಳಿಗೂ ಇಂಥ ವ್ಯವಸ್ಥೆಗಳು ಕಡ್ಡಾಯ. ಅಲ್ಲಿನ ರಸ್ತೆಗೆ ಮಾಡಿದ ಕಾರು ಇಲ್ಲಿಗೆ ಬಂದಾಗ ಆ ಅಭ್ಯಾಸವನ್ನೂ ಹೊತ್ತು ಬರುತ್ತದೆ.

ಮಾಡಿ ನೋಡಿದ್ದು

ಮೊದಲು ಮಾಡಿದ್ದು ಸುಲಭದ ಕೆಲಸ, ಸ್ಪೋರ್ಟ್ ಮೋಡ್. ಸ್ಟೇರಿಂಗ್ ಭಾರವಾಯಿತು. ಸ್ಪೀಕರಿನಿಂದ ಎಂಜಿನ್ ಸದ್ದು ಜಾಸ್ತಿ ಬಂತು. ಅಷ್ಟೇ. ಸಾರಿಗೆ ಉಪ್ಪು ಸುರಿದರೆ ರುಚಿ ಬರುತ್ತದಾ? ಭಾರ ಬೇರೆ, ಸ್ಪರ್ಶ ಬೇರೆ. ಎರಡು ವಾರದಲ್ಲಿ ಅವರು ಅದನ್ನು ಬಿಟ್ಟರು.

ಆಮೇಲೆ ಗೇರನ್ನು ಮ್ಯಾನುಯಲ್ ಮೋಡಿಗೆ ಹಾಕಿ, ಸ್ಟೇರಿಂಗ್ ಹಿಂದಿನ ಪ್ಯಾಡಲ್‌ನಿಂದ ಓಡಿಸಲು ಹೇಳಿದೆ. ಇದರಿಂದ ನಿಜವಾದ ಉಪಯೋಗ ಆಯಿತು, ಮುಖ್ಯವಾಗಿ ಇಳಿಯುವಾಗ. 'ಡಿ'ಯಲ್ಲಿ ಬಿಟ್ಟರೆ ಕೆಲವು ಆಟೊಮ್ಯಾಟಿಕ್‌ಗಳು ಪೆಟ್ರೋಲು ಉಳಿಸಲು ಇಳಿಜಾರಿನಲ್ಲೂ ಮೇಲಿನ ಗೇರಿಗೆ ಹೋಗುತ್ತವೆ. ಎಂಜಿನ್ ಹಿಡಿತ ಸಿಗುವುದಿಲ್ಲ. ಎಲ್ಲ ಭಾರ ಬ್ರೇಕಿನ ಮೇಲೆ. ಅವರ ಕಾರು ಎರಡು ಸಲ ಸೋಮೇಶ್ವರಕ್ಕೆ ಬ್ರೇಕು ಸುಟ್ಟ ವಾಸನೆಯೊಂದಿಗೆ ತಲುಪಿತ್ತು. ಘಾಟಿಯಲ್ಲಿ ಆಟೊಮ್ಯಾಟಿಕ್ ಓಡಿಸುವ ಎಲ್ಲರಿಗೂ ನಾನು ಇದನ್ನು ಹೇಳುತ್ತೇನೆ: ಹತ್ತಿದ ಗೇರಿನಲ್ಲೇ ಇಳಿಯಿರಿ, ಕೈಯಲ್ಲೇ ಹಾಕಿಕೊಂಡು ಇಳಿಯಿರಿ. ಬ್ರೇಕ್ ವಾಸನೆ ನಿಂತಿತು. ಸಂತೋಷ ಅರ್ಧ ಬಂತು. ಪ್ಯಾಡಲ್ ಅಂದರೆ ಒಂದು ಸ್ವಿಚ್ಚು. ಒತ್ತಿದರೆ ಆಯಿತು, ಅದರಲ್ಲಿ ಕಲಿಯಲು ಏನೂ ಉಳಿಯುವುದಿಲ್ಲ.

ಮೂರನೆಯದು ಟೈರು. ನನ್ನ ಕಸುಬಿನ ವಿಷಯವಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹಳೆ ಕಾರಿನಲ್ಲಿದ್ದದ್ದು 195/60 ಆರ್15. ಅಂದರೆ ಟೈರಿನ ಅಗಲ 195 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 60, 117 ಮಿಲಿಮೀಟರ್. ಹೊಸದರಲ್ಲಿದ್ದದ್ದು 225/40 ಆರ್18. ಗೋಡೆ 90 ಮಿಲಿಮೀಟರ್ ಮಾತ್ರ. ಹೊಂಡಕ್ಕೆ ಬಿದ್ದಾಗ ಮೊದಲು ಬಾಗಬೇಕಾದದ್ದು ಆ ಗೋಡೆ. ಅದು ಗಿಡ್ಡವಾದಷ್ಟೂ ಏಟು ರಿಮ್ಮಿಗೆ, ಸಸ್ಪೆನ್ಶನ್ನಿಗೆ, ನಮ್ಮ ಸೊಂಟಕ್ಕೆ. ಇನ್ನೊಂದು ಸಂಗತಿ ಜನ ಯೋಚಿಸುವುದಿಲ್ಲ. ಟೈರು ಅಗಲವಾಗಿ, ಗೋಡೆ ಗಿಡ್ಡವಾಗಿ ಇದ್ದರೆ ಹಿಡಿತ ಜಾಸ್ತಿ, ಒಪ್ಪುತ್ತೇನೆ. ಆದರೆ ಹಿಡಿತ ಬಿಡುವಾಗ ಮುನ್ಸೂಚನೆ ಕಡಿಮೆ. ಎತ್ತರದ ಗೋಡೆಯ ಟೈರು ಮೊದಲೇ ಸ್ವಲ್ಪ ಬಾಗಿ, ಸ್ವಲ್ಪ ಕೂಗಿ ಹೇಳುತ್ತದೆ.

ಅದೇ ಕಾರಿಗೆ ಕಂಪನಿಯೇ 17 ಇಂಚಿನ ರಿಮ್ಮನ್ನೂ ಒಪ್ಪಿತ್ತು. 225/45 ಆರ್17 ಹಾಕಿದೆವು. ಗೋಡೆ 101 ಮಿಲಿಮೀಟರ್ ಆಯಿತು. ಚಕ್ರದ ಒಟ್ಟು ಎತ್ತರದಲ್ಲಿ ವ್ಯತ್ಯಾಸ ಸುಮಾರು 3 ಮಿಲಿಮೀಟರ್, ಹಾಗಾಗಿ ಸ್ಪೀಡೋಮೀಟರಿಗೆ ತೊಂದರೆ ಇಲ್ಲ. 16ಕ್ಕೆ ಇಳಿಸುವ ಆಸೆ ಇತ್ತು, ಮುಂದಿನ ಬ್ರೇಕು ದೊಡ್ಡದಾದ್ದರಿಂದ ರಿಮ್ ಕೂರಲಿಲ್ಲ. ಆ ಒಂದು ಇಂಚಿನಿಂದ ಕಾರು ಮನುಷ್ಯರ ಕಾರಾಯಿತು. ನಾವು ಮಾಡಿದ್ದರಲ್ಲಿ ಇದಕ್ಕೇ ಹೆಚ್ಚು ಅಂಕ ಕೊಡುತ್ತೇನೆ.

ಮಧ್ಯದಲ್ಲಿ ಒಂದು ದಿನ ಅವರು ಎಕ್ಸಾಸ್ಟ್ ಬದಲಿಸಿ ರಿಮ್ಯಾಪ್ (ಎಂಜಿನ್ನಿನ ಸಾಫ್ಟ್‌ವೇರ್ ತಿದ್ದಿ ಶಕ್ತಿ ಏರಿಸುವುದು) ಮಾಡಿಸುವ ಮಾತು ತೆಗೆದರು. ನಾನು ಆಗಲ್ಲ ಅಂದೆ. ತಯಾರಕರ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲೇ ಹೇಳಿದೆ. ವಾರಂಟಿಯೂ ಹೋಗುತ್ತದೆ. ಅದಕ್ಕಿಂತ ಮುಖ್ಯ, ಅವರ ತೊಂದರೆ ಶಕ್ತಿ ಸಾಲದ್ದು ಅಲ್ಲವೇ ಅಲ್ಲ. ಹೊಟ್ಟೆ ತುಂಬಿದವರಿಗೆ ಇನ್ನೊಂದು ತಟ್ಟೆ ಬಡಿಸಿದ ಹಾಗಾಗುತ್ತಿತ್ತು.

ಕೊಯಮತ್ತೂರಿನ ಒಂದು ದಿನ

ಅಡಿಕೆ ಕೊಯ್ಲು ಮುಗಿದ ಮೇಲೆ ಅವರು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋದರು. ಟ್ರ್ಯಾಕ್ ಡೇ. ದುಡ್ಡು ಕಟ್ಟಿದರೆ ನಮ್ಮ ಕಾರನ್ನೇ ಮುಚ್ಚಿದ ಟ್ರ್ಯಾಕಿನಲ್ಲಿ ಓಡಿಸಬಹುದು. ಎದುರಿಗೆ ಯಾರೂ ಬರುವುದಿಲ್ಲ. ದನ ಇಲ್ಲ, ಬಸ್ ಇಲ್ಲ.

ರಾತ್ರಿ ಅಲ್ಲಿಂದ ಫೋನ್ ಬಂತು. ದನಿಯೇ ಬೇರೆ ಇತ್ತು. "ಮಾರಾಯ, ಈ ಕಾರು ಬದುಕಿದೆ!" ವೇಗದಲ್ಲಿ ಬಂದು ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಮೂತಿ ಬಾಗುವುದು, ತಿರುವಿನ ಮಧ್ಯೆ ಆಕ್ಸಿಲರೇಟರ್ ಸ್ವಲ್ಪ ಬಿಟ್ಟರೆ ಹಿಂಭಾಗ ತಿರುಗಿ ಸಹಾಯ ಮಾಡುವುದು, ಎಲ್ಲವನ್ನೂ ಅರ್ಧ ಗಂಟೆ ಹೇಳಿದರು. ಘಾಟಿಯಲ್ಲಿ ಬಾಯಿ ಮುಚ್ಚಿ ಕೂತಿದ್ದ ಕಾರು ಅಲ್ಲಿ ಪಟಪಟ ಮಾತಾಡಿತ್ತು.

ಇದು ಈ ಪ್ರಕರಣದ ಮೊದಲ ತಿರುವು. ಅಲ್ಲಿಯವರೆಗೆ ನಾವಿಬ್ಬರೂ "ಈಗಿನ ಕಾರುಗಳಲ್ಲಿ ಜೀವ ಇಲ್ಲ" ಅಂತ ಬೈಯುತ್ತಿದ್ದೆವು. ಜೀವ ಇತ್ತು. ಅದು ನಮ್ಮ ಕೈಗೆ ಎಟುಕದಷ್ಟು ಎತ್ತರದಲ್ಲಿತ್ತು. ಆ ಕಾರನ್ನು ಮಾಡಿದವರು ಓಡಿಸುವವರನ್ನು ಮರೆತಿರಲಿಲ್ಲ. ಟ್ರ್ಯಾಕಿನ ಹತ್ತಿರ ಮನೆ ಇರುವ, ವೇಗಮಿತಿ ಇಲ್ಲದ ಹೈವೇ ಇರುವ ಬೇರೆ ಯಾರನ್ನೋ ನೆನೆಸಿಕೊಂಡು ಮಾಡಿದ್ದರು. ತೀರ್ಥಹಳ್ಳಿಯಿಂದ ಕೊಯಮತ್ತೂರಿಗೆ ಹೋಗಲು ಒಂದು ದಿನ, ಬರಲು ಒಂದು ದಿನ. ಬ್ರೇಕ್ ಪ್ಯಾಡ್ ಅರ್ಧ ಸವೆದಿತ್ತು. ವರ್ಷಕ್ಕೆ ಒಂದು ಸಲ ಬದುಕುವ ಕಾರನ್ನು ಉಳಿದ ದಿನ ಏನು ಮಾಡುವುದು?

ಪ್ರಪಂಚದ ದೊಡ್ಡ ಕಂಪನಿಗಳಿಗೂ ಈ ವಿಷಯ ಗೊತ್ತಿದೆ. 2013ರಲ್ಲಿ ಪೋರ್ಷೆ 911 ಜಿಟಿ3ಯನ್ನು ಆಟೊಮ್ಯಾಟಿಕ್‌ನಲ್ಲಿ ಮಾತ್ರ ತಂದಿತು, ಅದು ಬೇಗ ಹೋಗುತ್ತದೆ ಅಂತ. ಓಡಿಸುವವರು ಬೇಜಾರು ಮಾಡಿಕೊಂಡರು. 2016ರಲ್ಲಿ ಮ್ಯಾನುಯಲ್ ಗೇರಿನ 911 ಆರ್ ಬಂತು, ಮಾಡಿದ್ದು 991 ಮಾತ್ರ. 2017ರಲ್ಲಿ ಜಿಟಿ3ಗೂ ಮ್ಯಾನುಯಲ್ ವಾಪಸ್ ಬಂತು. ಟೊಯೊಟಾ ಸುಪ್ರಾ 2019ರಲ್ಲಿ ಆಟೊಮ್ಯಾಟಿಕ್ ಆಗಿಯೇ ಬಂತು, ಮೂರು ವರ್ಷದ ಮೇಲೆ ಮ್ಯಾನುಯಲ್ ಕೊಟ್ಟರು. ಹುಂಡೈ ಐಯಾನಿಕ್ 5 ಎನ್ ಎಲೆಕ್ಟ್ರಿಕ್ ಕಾರು, ಅದರಲ್ಲಿ ಪೆಟ್ರೋಲ್ ಕಾರಿನ ಹಾಗೆ ಗೇರುಗಳೇ ಇಲ್ಲ. ಆದರೂ ಗೇರು ಬದಲಿಸಿದ ಹಾಗೆ ಕಾರನ್ನು ಜಗ್ಗಿಸುವ ವ್ಯವಸ್ಥೆ ಇಟ್ಟಿದ್ದಾರೆ. ಅಂದರೆ ಕೈಗೆ ಕೆಲಸ ಬೇಕು ಅನ್ನುವುದು ಅವರಿಗೂ ಅರ್ಥವಾಗಿದೆ ಅಲ್ವಾ? ಇನ್ನೊಂದು ಕಡೆ ಬಿಎಂಡಬ್ಲ್ಯು ಎಂ5 ನೋಡಿ. 1998ರಲ್ಲಿ ಬಂದದ್ದಕ್ಕೆ 400 ಅಶ್ವಶಕ್ತಿ, ಆರು ಗೇರಿನ ಮ್ಯಾನುಯಲ್, ತೂಕ 1,800 ಕಿಲೋ ಹತ್ತಿರ. 2024ರದ್ದು ಹೈಬ್ರಿಡ್, 700ಕ್ಕೂ ಹೆಚ್ಚು ಅಶ್ವಶಕ್ತಿ, ತೂಕ 2,400 ಕಿಲೋ ಮೀರಿದೆ, ಗೇರು ಆಟೊಮ್ಯಾಟಿಕ್. ಅಳತೆಗೆ ಸಿಗುವುದೆಲ್ಲ ಬೆಳೆದಿದೆ. ಇತ್ತ ಮಜ್ದಾ ಎಂಎಕ್ಸ್-5 ಬಂದದ್ದು 1989ರಲ್ಲಿ, ಇವತ್ತಿಗೂ ಒಂದು ಟನ್ನಿನ ಸುತ್ತಮುತ್ತ ಇದೆ. ಆ ಕಾರು ನಮ್ಮ ಘಾಟಿಗೆ ಹೇಳಿ ಮಾಡಿಸಿದ ಹಾಗಿದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಮಳೆಯ ರಾತ್ರಿ

ಎರಡನೇ ತಿರುವು ಮುಂದಿನ ಜುಲೈನಲ್ಲಿ. ಇಷ್ಟರಲ್ಲಿ ಅವರು ಕಾರು ಮಾರಿ, ಹಳೆಯ ಹೈಡ್ರಾಲಿಕ್ ಸ್ಟೇರಿಂಗಿನ ಸೆಕೆಂಡ್ ಹ್ಯಾಂಡ್ ಕಾರು ಹುಡುಕಲು ಶುರು ಮಾಡಿದ್ದರು. ಒಂದನ್ನು ನೋಡಿಯೂ ಇಟ್ಟಿದ್ದೆವು.

ಕೊಪ್ಪದ ಕಡೆಯಿಂದ ರಾತ್ರಿ ವಾಪಸ್ ಬರುತ್ತಿದ್ದರು. ಅತ್ತಿಗೆ, ಮಗಳು ಇಬ್ಬರೂ ಕಾರಿನಲ್ಲಿದ್ದರು. ಧೋ ಎಂದು ಮಳೆ. ತಿರುವು ಮುಗಿಯುವ ಜಾಗದಲ್ಲಿ ಒಂದು ಕಾಟಿ (ಕಾಡುಕೋಣ) ರಸ್ತೆಗೆ ಅಡ್ಡ ನಿಂತಿತ್ತು. ಬ್ರೇಕ್ ಪೂರ್ತಿ ಒತ್ತಿ ಸ್ಟೇರಿಂಗ್ ಎಳೆದರು. ಒದ್ದೆ ಎಲೆಗಳ ಮೇಲೆ ಹಿಂದಿನ ಚಕ್ರ ಜಾರಿತು. ಎಬಿಎಸ್ ಚಕ್ರಗಳು ಲಾಕ್ ಆಗದ ಹಾಗೆ ನೋಡಿಕೊಂಡಿತು. ಕಾರು ಅಡ್ಡ ತಿರುಗದ ಹಾಗೆ ಇಎಸ್‌ಸಿ ಅನ್ನುವ ಎಲೆಕ್ಟ್ರಾನಿಕ್ ವ್ಯವಸ್ಥೆ ಒಂದೊಂದು ಚಕ್ರವನ್ನೂ ಬೇರೆ ಬೇರೆಯಾಗಿ ಹಿಡಿಯಿತು. ಕಾಟಿಯ ಪಕ್ಕದಲ್ಲಿ ಕಾರು ದಾಟಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಮರುದಿನ ಗ್ಯಾರೇಜಿಗೆ ಬಂದರು. ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಹಳೆ ಕಾರಾಗಿದ್ದರೆ ನಾನು ಇವತ್ತು ಇಲ್ಲಿ ಕೂತಿರ್ತಿರಲಿಲ್ಲ" ಅಂದರು. ಅವರ ಕೈಚಳಕ ನನಗೆ ಗೊತ್ತು. ಆದರೂ ಅವರ ಮಾತು ನಿಜ. ನಾಲ್ಕು ಚಕ್ರಕ್ಕೆ ನಾಲ್ಕು ಬೇರೆ ಬ್ರೇಕ್ ಒತ್ತಲು ಯಾವ ಡ್ರೈವರಿಗೂ ನಾಲ್ಕು ಕಾಲಿಲ್ಲ.

ಆ ದಿನ ನಮ್ಮ ಹುಡುಕಾಟದ ದಿಕ್ಕೇ ಬದಲಾಯಿತು. ಅಲ್ಲಿಯವರೆಗೆ ಎಲ್ಲ ಎಲೆಕ್ಟ್ರಾನಿಕ್ ಸಹಾಯವನ್ನೂ ಒಂದೇ ಮೂಟೆಗೆ ಕಟ್ಟಿ ಬೈಯುತ್ತಿದ್ದೆವು. ಕೂತು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಜಾತಿ. ಎಬಿಎಸ್, ಇಎಸ್‌ಸಿ, ಏರ್‌ಬ್ಯಾಗ್ ಇವು ನಾವು ಎಡವುವ ತನಕ ಸುಮ್ಮನೆ ಇರುತ್ತವೆ. ಎಡವಿದಾಗ ಮಾತ್ರ ಕೈ ಚಾಚುತ್ತವೆ. ತಾನೇ ಹಾಕಿಕೊಳ್ಳುವ ಗೇರು, ಎಳೆಯುವ ಸ್ಟೇರಿಂಗ್, ಸ್ಪೀಕರಿನ ಸದ್ದು ಇವು ಚೆನ್ನಾಗಿ ನಡೆಯುತ್ತಿರುವಾಗಲೂ ನಮ್ಮ ಮತ್ತು ರಸ್ತೆಯ ನಡುವೆ ಕೂತಿರುತ್ತವೆ. ಮೊದಲನೆಯದನ್ನು ಬಿಡುವ ಪ್ರಶ್ನೆಯೇ ಇಲ್ಲ. ಓಡಿಸುವ ಆಸೆ ಇರುವವರಿಗೆ ಅವು ಇನ್ನೂ ಹೆಚ್ಚು ಬೇಕು, ಯಾಕೆಂದರೆ ಅವರು ರಸ್ತೆಯಲ್ಲಿ ಹೆಚ್ಚು ಹೊತ್ತು ಇರುತ್ತಾರೆ. ಎರಡನೆಯದು ಎಷ್ಟು ಕಡಿಮೆ ಇರುವ ಕಾರು ಸಿಗುತ್ತದೆ, ಅದು ನಮ್ಮ ಹೊಸ ಪ್ರಶ್ನೆಯಾಯಿತು. ಹಳೆ ಸೆಕೆಂಡ್ ಹ್ಯಾಂಡ್ ಕಾರಿನ ಮಾತು ಅಲ್ಲಿಗೆ ನಿಂತಿತು.

ಎರಡನೇ ತೀರ್ಮಾನ

ಈ ಸಲ ಪರ್ಫಾರ್ಮೆನ್ಸ್ ಅನ್ನುವ ಹೆಸರಿನ ಕಾರುಗಳನ್ನು ನೋಡಲೇ ಇಲ್ಲ. ಸಾಮಾನ್ಯ ಸೆಡಾನುಗಳನ್ನು ನೋಡಿದೆವು. ಶೋರೂಮಿನವರು ಟೆಸ್ಟ್ ಕಾರನ್ನು ಘಾಟಿಗೆ ಕೊಡಲು ಒಪ್ಪಲಿಲ್ಲ, ಅದು ಅವರ ನಿಯಮ. ಪರಿಚಯದವರೊಬ್ಬರ ಬಳಿ ಅದೇ ಮಾದರಿ ಇತ್ತು. ಒಂದು ಬೆಳಿಗ್ಗೆಗೆ ಕೇಳಿ ಪಡೆದು, ಮಾಸ್ತಿಕಟ್ಟೆ ಕಡೆಯಿಂದ ಹುಲಿಕಲ್ ಘಾಟಿಗೆ ಹೋದೆವು.

ಪಿಕಪ್ ನೋಡಲಿಲ್ಲ. 40ರಲ್ಲಿ ತಿರುಗುವಾಗ ಟೈರು ಏನು ಹೇಳುತ್ತದೆ, ನೇರದಿಂದ ಸ್ಟೇರಿಂಗ್ ಸ್ವಲ್ಪವೇ ಸರಿಸಿದರೆ ಭಾರ ಹೇಗೆ ಕೂಡುತ್ತದೆ, ಬ್ರೇಕ್ ಒತ್ತಿದ ಪಾದದ ಅಂಚಿನಲ್ಲೇ ಆಕ್ಸಿಲರೇಟರ್ ಮುಟ್ಟಲು ಆಗುತ್ತದಾ, ಹೊಂಡಕ್ಕೆ ಬಿದ್ದ ಮೇಲೆ ಮೈ ಎಷ್ಟು ಸಲ ಕುಣಿದು ನಿಲ್ಲುತ್ತದೆ, ಇವನ್ನು ನೋಡಿದೆವು. ಶ್ರೀಧರಣ್ಣ ಒಂದೇ ತಿರುವನ್ನು ಐದು ಸಲ ಹತ್ತಿ ಇಳಿದರು.

ಕೊನೆಗೆ ಕೊಂಡದ್ದು ಒಂದು ಲೀಟರಿನ ಟರ್ಬೊ ಪೆಟ್ರೋಲ್ ಸೆಡಾನು. ಸುಮಾರು 115 ಅಶ್ವಶಕ್ತಿ, ಆರು ಗೇರಿನ ಮ್ಯಾನುಯಲ್, 16 ಇಂಚಿನ ರಿಮ್, ಆರು ಏರ್‌ಬ್ಯಾಗ್, ಇಎಸ್‌ಸಿ. ಲೇನ್ ಎಳೆಯುವ ಕ್ಯಾಮೆರಾ ಇಲ್ಲದ ಮಾದರಿ. ಮೊದಲಿನ ಕಾರು ಎರಡು ವರ್ಷ ತುಂಬುವ ಮುಂಚೆಯೇ ಮಾರಿದ್ದರಿಂದ ನಷ್ಟ ಲಕ್ಷಗಳ ಲೆಕ್ಕದಲ್ಲಾಯಿತು. ಆ ನಷ್ಟದಲ್ಲಿ ನನ್ನ "ತಗೊಳ್ಳಿ ಅಣ್ಣ"ಕ್ಕೂ ಪಾಲಿದೆ. ಅದಕ್ಕೇ ಈಗ ಯಾರು ಕಾರಿನ ಬಗ್ಗೆ ಕೇಳಿದರೂ ನಾನು ಮೊದಲು ಕೇಳುವುದು, ನೀವು ವಾರಕ್ಕೆ ಒಂದು ಸಲ ಖುಷಿಗೆ ಓಡಿಸುವ ರಸ್ತೆ ಯಾವುದು, ಅಲ್ಲಿ ಎಷ್ಟು ವೇಗದಲ್ಲಿ ಹೋಗುತ್ತೀರಿ ಅಂತ. ಉತ್ತರ 40 ಅಂತ ಬಂದರೆ, 40ರಲ್ಲಿ ಮಾತಾಡುವ ಕಾರು ಹುಡುಕಿ ಅನ್ನುತ್ತೇನೆ.

ಹೊಸ ಕಾರಿನಲ್ಲಿ ಎಲ್ಲವೂ ಸರಿ ಅಂತ ಹೇಳಿದರೆ ಸುಳ್ಳಾಗುತ್ತದೆ. ಸ್ಟೇರಿಂಗ್ ಇದೂ ಎಲೆಕ್ಟ್ರಿಕ್ಕೇ. ಕೆಳಗಿನ ಆರ್‌ಪಿಎಂನಲ್ಲಿ ಎಂಜಿನ್ ಮಂಕು. ಹೇರ್‌ಪಿನ್ ಹತ್ತುವಾಗ ಎರಡನೇ ಗೇರಿನಲ್ಲಿ ಮುಗ್ಗರಿಸುತ್ತದೆ, ಒಂದಕ್ಕೆ ಇಳಿಸಬೇಕು. ಬೆಂಗಳೂರಿಗೆ ಹೋಗುವಾಗ ಲಾರಿ ಹಿಂದಿಕ್ಕಲು ಮೊದಲಿನ ಕಾರಿನ ಬಲ ನೆನಪಾಗುತ್ತದೆ ಅಂತ ಶ್ರೀಧರಣ್ಣ ಆಗಾಗ ಹೇಳುತ್ತಾರೆ. ಹಳೆ ಹ್ಯಾಚ್‌ಬ್ಯಾಕ್ ಇನ್ನೂ ಅವರ ಮನೆಯ ಕೊಟ್ಟಿಗೆ ಪಕ್ಕ ತಾಡಪಾಲು ಹೊದ್ದು ನಿಂತಿದೆ. ಮಗಳು ತೋಟದ ಮಣ್ಣು ರಸ್ತೆಯಲ್ಲಿ ಅದರಲ್ಲೇ ಗೇರು ಕಲಿತಳು.

ಹೊಸ ಕಾರು ಬಂದ ಮೂರನೇ ಭಾನುವಾರ ಬೆಳಿಗ್ಗೆ ಏಳೂಕಾಲಕ್ಕೆ ನನ್ನ ಫೋನ್ ಹೊಡೆದುಕೊಂಡಿತು. ಹಿಂದಿನಿಂದ ಸೋಮೇಶ್ವರದ ಚಹಾ ಅಂಗಡಿಯ ಗದ್ದಲ ಕೇಳುತ್ತಿತ್ತು.

"ಏಳನೇ ತಿರುವಲ್ಲಿ ಟಾರು ಎದ್ದಿದೆ ಮಾರಾಯ" ಅಂದರು. "ಹಳೇದ್ರಷ್ಟು ಸ್ಪಷ್ಟ ಇಲ್ಲ. ಆದ್ರೆ ಗೊತ್ತಾಯ್ತು."